ರಾಜನ ಪಕ್ಕದ ಖಾಲಿ ಮೊಳೆ

ಬೇರೆಯವರ ಮನೆಗೆ ಹೋದರೆ ಹೆಂಗಸರು ಮೊದಲು ಸೋಫಾ ನೋಡುತ್ತಾರೆ, ಆಮೇಲೆ ಅಡುಗೆಮನೆಯ ಕಟ್ಟೆ ಗ್ರಾನೈಟೋ ಅಲ್ಲವೋ ಎಂದು ನೋಡುತ್ತಾರೆ. ನಾನು ಮೊಳೆ ನೋಡುತ್ತೇನೆ. ಫೋಟೋ ನೆಟ್ಟಗಿದೆಯೇ, ಎರಡು ಫೋಟೋಗಳ ನಡುವಿನ ಅಂತರ ಸರಿಯಿದೆಯೇ, ಎಲ್ಲಾದರೂ ಒಂದು ಮೊಳೆ ಸುಮ್ಮನೆ ಖಾಲಿ ನಿಂತಿದೆಯೇ. ಅಮೆರಿಕದಲ್ಲಿ ನಾವಿರುವ ಊರು ಕ್ಯಾಂಟನ್ನಿನ ನಮ್ಮ ಬಡಾವಣೆಯಲ್ಲಿ ಊಟಕ್ಕೆ ಕರೆದವರ ಮನೆಯಲ್ಲಿ, ಮಾತು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಅವರ ಮದುವೆಯ ಫೋಟೋ ನೆಟ್ಟಗೆ ಮಾಡಿ ಬಂದು ಕೂತದ್ದುಂಟು. ಆ ಮನೆಯವರು ಮತ್ತೆ ಕರೆದಿಲ್ಲ. ಏನು ಮಾಡಲಿ, ಹುಟ್ಟಿದ ಮನೆಯ ಗುಣ. ಹರಿಹರದಲ್ಲಿ ನಮ್ಮ ತಂದೆ, ನಾವು ಅಬ್ಬಾ ಎನ್ನುತ್ತಿದ್ದೆವು, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದರು.

ಕಳೆದ ಫೆಬ್ರವರಿಯಲ್ಲಿ ಚಿಕಾಗೋದ ಒಂದು ಸಣ್ಣ ಮ್ಯೂಸಿಯಂನಲ್ಲಿ ಅಂಥದ್ದೊಂದು ಖಾಲಿ ಮೊಳೆ ಕಣ್ಣಿಗೆ ಬಿತ್ತು. ಅದು ಇವತ್ತಿನವರೆಗೂ ನನ್ನನ್ನು ಬಿಟ್ಟಿಲ್ಲ.

ಚಿಕಾಗೋಗೆ ನಾನು ಹೋದದ್ದು ಮಗಳನ್ನು ನೋಡಲು. ಜೋಯಾ ಅಲ್ಲೇ ಹತ್ತಿರದ ಬೋಲಿಂಗ್‌ಬ್ರೂಕಿನಲ್ಲಿ ಒಂದು ದೊಡ್ಡ ಗೋದಾಮಿನ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಒಬ್ಬಳೇ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಕ್ಯಾಂಟನ್ನಿನಿಂದ ಇನ್ನೂರೈವತ್ತು ಮೈಲಿಗೂ ಹೆಚ್ಚು. ಕಾರಿನಲ್ಲಿ ನನ್ನ ಜೊತೆಗೆ ಗಿರಿಜಾ ಆಂಟಿ. ಗದಗಿನವರು, ಎಪ್ಪತ್ತೆಂಟರ ಪ್ರಾಯ, ನಮ್ಮ ಬೀದಿಯ ಕೊನೆಯ ಮನೆ. ಅವರ ಒಬ್ಬ ಮಗ ಕ್ಯಾಂಟನ್ನಿನಲ್ಲಿ, ಇನ್ನೊಬ್ಬ ಬೋಲಿಂಗ್‌ಬ್ರೂಕಿನಲ್ಲಿ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ಎರಡು ಸೂಟ್‌ಕೇಸ್ ಡಿಕ್ಕಿಯಲ್ಲಿ ಹಾಕಲು ಬಿಡುತ್ತಾರೆ, ಕೈಚೀಲವನ್ನು ಮಾತ್ರ ತೊಡೆಯ ಮೇಲಿಂದ ಇಳಿಸುವುದಿಲ್ಲ. ಅದರೊಳಗೆ ಟವೆಲ್ಲಿನಲ್ಲಿ ಸುತ್ತಿದ ಅವರ ಯಜಮಾನರ ಫೋಟೋ ಇರುತ್ತದೆ. ಕ್ಯಾಂಟನ್ನಿನಲ್ಲಿ ಆ ಫೋಟೋಗೆ ದೇವರ ಕೋಣೆಯ ಪಕ್ಕ ಜಾಗವಿದೆ. ಬೋಲಿಂಗ್‌ಬ್ರೂಕಿನಲ್ಲಿ ಸೊಸೆ ಫ್ರಿಜ್ಜಿನ ಮೇಲೆ ಇಡುತ್ತಾಳಂತೆ.

"ಇರ್ಲಿ ಬಿಡವಾ, ಅವ್ರಿಗೆ ಮೊದ್ಲಿಂದ ಸೆಕಿ ಆಗ್ತಿದ್ದಿಲ್ಲ, ತಂಪಾಗಿರ್ಲಿ," ಎಂದು ಆಂಟಿ ನಗುತ್ತಾರೆ. ನಗುತ್ತಾ ಕಿಟಕಿಯಾಚೆ ನೋಡುತ್ತಾರೆ.

ಶನಿವಾರ ಮಧ್ಯಾಹ್ನ ಜೋಯಾ ನಮ್ಮಿಬ್ಬರನ್ನೂ ಮ್ಯೂಸಿಯಂಗೆ ಕರೆದೊಯ್ದಳು. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ; ಮನೆಯಲ್ಲಿ, ಮಗನ ಮನೆಯಿಂದ ಬಂದಿದ್ದ ಆಂಟಿಯೂ ಸೇರಿ, ಮೂವರೂ ಒಬ್ಬರ ಮುಖ ಒಬ್ಬರು ನೋಡಿ ಮಾತು ಮುಗಿದಿತ್ತು. ಹಳೆಯ ಇಂಗ್ಲೆಂಡಿನ ಚಿತ್ರಗಳ ಕೋಣೆಯಲ್ಲಿ ಒಂದು ಗೋಡೆಗೆ ಒಂದೇ ಚಿತ್ರ. ಬಟ್ಟೆಯ ಮೇಲೆ ಬರೆದದ್ದಲ್ಲ, ಓಕ್ ಮರದ ಹಲಗೆಯ ಮೇಲೆ. ಐನೂರು ವರ್ಷ ಹಿಂದಿನ ಒಬ್ಬ ರಾಜ. ರಾಜ ಎಂದರೆ ಕುದುರೆ, ಕತ್ತಿ, ಕಿರೀಟ ಎಂದುಕೊಂಡಿದ್ದೆ. ಈತ ಕಪ್ಪು ಟೋಪಿ ಹಾಕಿ, ತುಪ್ಪಳದ ಕಾಲರಿನೊಳಗೆ ಕತ್ತು ಹುದುಗಿಸಿ, ತುಟಿ ಬಿಗಿಹಿಡಿದು ಒಂದು ಹೂವು ಹಿಡಿದಿದ್ದ. ಚಿತ್ರ ಒಂದು ಮೊಳ ಅಗಲವೂ ಇರಲಿಲ್ಲ. ಮುಖ ನಮ್ಮ ಕಡೆಗಿರಲಿಲ್ಲ; ತನ್ನ ಎಡಕ್ಕೆ, ಅಂದರೆ ನಮ್ಮ ಬಲಕ್ಕೆ ತಿರುಗಿತ್ತು. ಆ ಕಡೆ ನೋಡಿದರೆ ಬರೀ ಗೋಡೆ, ಒಂದು ಮೊಳೆ, ಒಂದು ಸಣ್ಣ ಕಾರ್ಡು.

"ಏನವಾ ನಸೀಮಾ, ಈ ರಾಜಾ ಯಾರ ಹಾದಿ ನೋಡಾಕತ್ತಾನ?" ಎಂದರು ಆಂಟಿ.

ಕಾರ್ಡು ಓದಿದೆ. ಇದು ಜೋಡಿ ಚಿತ್ರ. ರಾಣಿಯ ಹಲಗೆ ಬಿರುಕು ಬಿಟ್ಟು ಬಣ್ಣ ಏಳುತ್ತಿದ್ದುದರಿಂದ ಇಳಿಸಿ ರಿಪೇರಿಗೆ ಒಯ್ದಿದ್ದಾರೆ. ಅಲ್ಲಿದ್ದ ಗೈಡ್, ಬೆಳ್ಳಗಿನ ಕೂದಲಿನ ಅಮೆರಿಕನ್ ಅಜ್ಜಿ, ಉಳಿದದ್ದನ್ನು ಹೇಳಿದಳು. ರಾಣಿ ಬಾಣಂತನದಲ್ಲಿ ಸತ್ತವಳು. ಈ ಚಿತ್ರ ಅವಳು ಸತ್ತು ಎಷ್ಟೋ ವರ್ಷವಾದ ಮೇಲೆ, ಇನ್ಯಾವುದೋ ಚಿತ್ರ ನೋಡಿಕೊಂಡು ಬರೆದದ್ದು. ಆಮೇಲೆ ಯಾರೋ ವಾರಸುದಾರರು ಜೋಡಿಯನ್ನು ಒಡೆದು, ರಾಜ ಒಂದು ಮನೆಗೆ, ರಾಣಿ ಇನ್ನೊಂದು ಮನೆಗೆ ಹೋದರು. ಇವರಿಬ್ಬರೂ ಗಂಡ ಹೆಂಡತಿ ಎನ್ನುವುದೇ ನೋಡುವವರಿಗೆ ಮರೆತುಹೋಗಿತ್ತು. ಕೊನೆಗೆ ಹಲಗೆಯ ಅಂಚಿನಲ್ಲಿ ಮರದೊಳಗೆ ವರ್ಷಕ್ಕೊಂದರಂತೆ ಮೂಡುವ ಬಳೆಗಳನ್ನು ಎಣಿಸಿ ನೋಡಿದರೆ ಎರಡೂ ಒಂದೇ ಮರದ್ದು. ಅಜ್ಜಿ ಖಾಲಿ ಜಾಗಕ್ಕೆ ಕೈ ತೋರಿಸಿ, ರಾಣಿ ಈಗ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

"ಏನಂತಾಳ?"

"ರಾಣಿ ರೆಸ್ಟ್ ತಗೋತಿದಾಳಂತೆ ಆಂಟಿ."

"ಸತ್ತು ಐದುನೂರು ವರ್ಷ ಆದಮ್ಯಾಲರ ರೆಸ್ಟ್ ಸಿಕ್ತಲ್ಲ, ಪುಣ್ಯಾತಗಿತ್ತಿ," ಎಂದರು ಆಂಟಿ.

ನಾನು ನಕ್ಕೆ. ಜೋಯಾ ನಗಲಿಲ್ಲ. ಅವಳು ಆ ಮೊಳೆಯನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗದೆ, "ಮಾ, ಐ ಕಾಂಟ್ ಸೀ ಹಿಸ್ ಫೇಸ್ ಎನಿಮೋರ್. ನಾಟ್ ವಿದೌಟ್ ಮೈ ಫೋನ್," ಎಂದಳು.

ಅವರಪ್ಪ, ನನ್ನ ಗಂಡ ರಫೀಕ್, ತೀರಿಹೋಗಿ ಆಗ ಹದಿನಾಲ್ಕು ತಿಂಗಳು. ಡ್ಯಾಡಿಯ ಒಂದು ಫೋಟೋ ಕಟ್ಟು ಹಾಕಿ ಕೊಡು, ನನ್ನ ಗೋಡೆಗೆ ಬೇಕು ಎಂದು ಅವಳು ಕೇಳಲು ಶುರುಮಾಡಿ ಒಂದು ವರ್ಷ. ಊರಲ್ಲಿ ಸತ್ತವರಿಗೆಲ್ಲ ಕಟ್ಟು ಹಾಕಿದವರ ಮಗಳು ನಾನು, ನಾಳೆ ನಾಡಿದ್ದು ಎಂದು ತಳ್ಳುತ್ತಲೇ ಇದ್ದೆ. ಅವಳಿಗೆ ಅದು ಸೋಮಾರಿತನ ಎನಿಸಿರಬೇಕು. ನಿಜ ಹೇಳಬೇಕೆಂದರೆ ನನಗೆ ಭಯ. ಯಾಕೆ ಭಯ ಎಂದು ಹೇಳಲು ಅಬ್ಬಾನ ಅಂಗಡಿಗೆ ಹೋಗಬೇಕು.

ಅಂಗಡಿ ಎಂದರೆ ಎಂಟಡಿ ಅಗಲದ ಒಂದು ಗೂಡು. ಎಡಗೋಡೆಯಲ್ಲಿ ದೇವರುಗಳು, ಬಲಗೋಡೆಯಲ್ಲಿ ಸತ್ತವರು, ನಡುವೆ ಟೋಪಿ ಹಾಕಿಕೊಂಡು ಅಬ್ಬಾ. ಶುಕ್ರವಾರ ನಮಾಜಿಗೆ ಹೋಗುವಾಗ ಲಕ್ಷ್ಮಿಯ ಗಾಜು ಒರೆಸಿಟ್ಟು ಹೋಗುತ್ತಿದ್ದರು. ಹೂವಿನ ಹಾರ, ಕೆಂಪು ಬಲ್ಬು ಇರುವವರೆಲ್ಲ ಸತ್ತವರು ಎಂದು ನಾನು ಬಹಳ ದಿನ ತಿಳಿದಿದ್ದೆ. ಗಣಪತಿಯೂ ತೀರಿಕೊಂಡಿದ್ದಾನೆಂದು ಶಾಲೆಯಲ್ಲಿ ಗೆಳತಿಗೆ ಹೇಳಿ, ಅವಳ ಅಜ್ಜಿಯಿಂದ ಬೈಸಿಕೊಂಡೆ. ನಮ್ಮ ಮನೆಯ ಗೋಡೆ ಮಾತ್ರ ಬೋಳು. ಚಿತ್ರ ಇರುವ ಮನೆಗೆ ಫರಿಷ್ತೆಗಳು, ಅಂದರೆ ದೇವದೂತರು, ಬರುವುದಿಲ್ಲ ಎಂದು ಅಮ್ಮಿಯ ಕಟ್ಟಪ್ಪಣೆ. ಅಂಗಡಿಯಲ್ಲಿ ಮೊಳೆ ಹೊಡೆಯುವ ಕೈ ಮನೆಗೆ ಬಂದರೆ ಸುಮ್ಮನಾಗುತ್ತಿತ್ತು.

ಆ ಕಾಲದಲ್ಲಿ ಜನ ಒಬ್ಬೊಬ್ಬರೇ ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲ. ಆಯುಷ್ಯಕ್ಕೆ ಒಂದು ಸಲ, ಗಂಡ ಹೆಂಡತಿ ಜೋಡಿಯಾಗಿ ಸ್ಟುಡಿಯೋಗೆ ಹೋಗುತ್ತಿದ್ದರು. ಹೆಂಡತಿ ಗಂಡನ ಎಡಕ್ಕೆ. ಸ್ಟುಡಿಯೋದವನು ಇಬ್ಬರನ್ನೂ ಸ್ವಲ್ಪ ಒಳಕ್ಕೆ ತಿರುಗಿಸಿ ಕೂರಿಸುತ್ತಿದ್ದ. ಒಬ್ಬರು ಹೋದಾಗ ಆ ಒಂದೇ ಫೋಟೋ ಅಬ್ಬಾನ ಕೈಗೆ ಬರುತ್ತಿತ್ತು. ಅಬ್ಬಾ ಸ್ಟೀಲ್ ಸ್ಕೇಲು ಇಟ್ಟು, ಅರ್ಧ ಬ್ಲೇಡಿನಿಂದ ಒಂದೇ ಎಳೆತಕ್ಕೆ ಇಬ್ಬರನ್ನೂ ಬಿಡಿಸುತ್ತಿದ್ದರು. ಹೋದವರಿಗೆ ನಡುವೆ ಮೊಟ್ಟೆಯಾಕಾರದ ಕಿಂಡಿ ಕೊರೆದ ರಟ್ಟು, ಗಾಜು, ಕಟ್ಟು, ಗಂಧದ ಹಾರ. ಇದ್ದವರ ಅರ್ಧವನ್ನು ಎಸೆಯುತ್ತಿರಲಿಲ್ಲ. ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಹೆಸರು, ಬೀದಿ ಬರೆದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದರು. ಅದನ್ನು ಕೇಳಿಕೊಂಡು ಒಂದು ದಿನ ಬರುತ್ತಾರೆಂದು ಅವರಿಗೆ ಗೊತ್ತಿತ್ತು. ಗಿರಾಕಿಗೆ ಒಂದು ಮಾತು ಮಾತ್ರ ಹೇಳಿ ಕಳಿಸುತ್ತಿದ್ದರು: "ಯಜಮಾನ್ರುದು ಗೋಡೆ ಎಡಕ್ಕೆ ಹಾಕ್ರಿ. ಬಲಗಡೆ ಒಂದ್ ಮೊಳೆ ಜಾಗ ಬಿಡ್ರಿ." ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಅಬ್ಬಾನಿಗೆ ಇನ್ನೊಂದು ಪದ್ಧತಿಯಿತ್ತು. ಯಾರು ಸತ್ತರು ಎಂದು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಫೋಟೋ ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು, ಬಂದವರೇ ಬೆರಳಿಟ್ಟು ತೋರಿಸುತ್ತಿದ್ದರು. ನನಗೆ ಈ ಪದ್ಧತಿ ಬಹಳ ದೊಡ್ಡದಾಗಿ ಕಂಡಿತ್ತು. ನನ್ನ ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬಳೇ ಇದ್ದಾಗ, ಹೊಳೆಯ ಆಚೆ ಊರಿನ ಒಬ್ಬಾತ ಬಸ್ಸು ತಪ್ಪುತ್ತದೆಂದು ಓಡಿ ಬಂದು ಜೋಡಿ ಫೋಟೋ ಇಟ್ಟ. ಒಬ್ಬರದೇ ಮಾಡಿ, ಹನ್ನೊಂದನೇ ದಿನಕ್ಕೆ ಬೇಕು ಎಂದು ಹೇಳಿ ಹೋದ. ನಾನು ಅಬ್ಬಾನ ಮಗಳಲ್ಲವೇ, ಕೇಳಲಿಲ್ಲ. ಫೋಟೋ ನೋಡಿದೆ. ಗಂಡ ಗುಂಡಗೆ ಮೀಸೆ ತಿರುವಿ ಕೂತಿದ್ದ. ಹೆಂಡತಿಯ ಕತ್ತಿನ ಮೂಳೆ ಕಾಣುತ್ತಿತ್ತು, ಕಣ್ಣು ಒಳಗೆ ಹೋಗಿತ್ತು. ಚೀಟಿಯಲ್ಲಿ "ಹೆಂಗಸು" ಎಂದು ಬರೆದು ಫೋಟೋಗೆ ಚುಚ್ಚಿಟ್ಟೆ. ಅಬ್ಬಾ ಬಂದು ಚೀಟಿ ನೋಡಿ ಕತ್ತರಿಸಿದರು.

ಸತ್ತವರ ಫೋಟೋ ಬೀದಿಯಲ್ಲಿ ಕಾಣಬಾರದೆಂದು ಅಬ್ಬಾ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ ಕೊಡುತ್ತಿದ್ದರು. ಆತನೂ ಬಿಚ್ಚದೆ ಒಯ್ದ. ಹನ್ನೊಂದನೇ ದಿನ, ನೆಂಟರು ತುಂಬಿದ ನಡುಮನೆಯಲ್ಲಿ, ದಾರ ಬಿಚ್ಚಿದಾಗ ಹಾರ ಹಾಕಿಕೊಂಡು ಬಂದವಳು ಎದುರಿಗೇ ಕೂತಿದ್ದ ವಿಧವೆ.

ತಿಂಗಳಾದ ಮೇಲೆ ಆಕೆಯೇ ಬಂದರು. ಪಾರ್ವತಮ್ಮ ಎಂದು ಹೆಸರು. ಹಣೆ ಬೋಳು, ಸೆರಗಿನ ಕೆಳಗೆ ಆ ಕಟ್ಟು. ನಾನು ಗಾಜಿನ ಹಾಳೆಗಳ ಹಿಂದೆ ಬಗ್ಗಿ ಕೂತೆ. ಅಬ್ಬಾ ಎದ್ದು ನಿಂತು, "ನಂದೇ ತಪ್ಪಾಯ್ತು ತಾಯಿ," ಎಂದರು. ನಂದು ಎಂದು ನಾನು ಎದ್ದು ಹೇಳಬೇಕಿತ್ತು. ಹೇಳಲಿಲ್ಲ.

"ಬೈಯಾಕ ಬಂದಿಲ್ಲಪಾ," ಎಂದರು ಆಕೆ. "ಅವ್ರದು ಮಾಡಿಕೊಡು. ಇದನ್ನ ಮನ್ಯಾಗ ಹೆಂಗ ಇಟ್ಕೊಳ್ಳಲಿ? ನಿನ್ನ ಹತ್ರಾನ ಇರ್ಲಿ. ಎಂದರ ಒಂದಿನ ಬೇಕಾಗೂದ ಐತಿ."

ಅಬ್ಬಾ ಹಾರ ತೆಗೆದು, ಕಟ್ಟನ್ನು ಪೇಪರಿನಲ್ಲಿ ಸುತ್ತಿ ಮೇಲಿನ ಅಟ್ಟದಲ್ಲಿ ಇಟ್ಟರು. ನನಗೆ ಬೈಯಲಿಲ್ಲ. "ಗೊತ್ತಿಲ್ದಿದ್ರೆ ಕೇಳ್ಬೇಕು ಬೇಟಾ, ಬಾಯಿ ಸುಡಲ್ಲ," ಎಂದಷ್ಟೇ ಹೇಳಿದರು. ಪಾರ್ವತಮ್ಮನ ಕಟ್ಟು ಆರು ವರ್ಷ ಅಟ್ಟದಲ್ಲಿ ಕಾದಿತ್ತು. ನಾನು ದಾವಣಗೆರೆಯಲ್ಲಿ ಕಾಲೇಜು ಓದುತ್ತಿದ್ದಾಗ ಒಂದು ರಜೆಗೆ ಬಂದು ನೋಡಿದರೆ ಅದು ಇರಲಿಲ್ಲ. ಆಕೆಯ ಮನೆಯವರು ಒಯ್ದರೇ ಎಂದು ಕೇಳಿದೆ. ಅಬ್ಬಾ ಹೌದೆಂದು ತಲೆಯಾಡಿಸಿದರು. ಅವತ್ತಿನಿಂದ ನಾನು ಫೋಟೋಗೆ ಬ್ಲೇಡು ಹಚ್ಚಿಲ್ಲ.

ರಫೀಕ್ ಮೈಸೂರಿನವರು. ನಮ್ಮಿಬ್ಬರ ಉರ್ದುವೂ ಬೇರೆ ಬೇರೆ. ನನ್ನದು ಅವರಿಗೆ ಒರಟು, ಅವರದು ನನಗೆ ನಾಟಕ. ಹಾಗಾಗಿ ಜಗಳಕ್ಕೂ ತಮಾಷೆಗೂ ಕನ್ನಡವೇ ನಮಗೆ ಅನುಕೂಲ. "ನಿಮ್ಮಪ್ಪ ಊರಿಗೆಲ್ಲ ಕಟ್ಟು ಹಾಕಿದ್ರು, ನಮ್ಮನೆ ಗೋಡೆ ಮಾತ್ರ ಬಾಣಲೆ ಥರ ಬೋಳು ನೋಡು," ಎಂದು ಕಾಡುತ್ತಿದ್ದರು. ಅವರಿಗೆ ಫೋಟೋ ತೆಗೆಯುವ ಹುಚ್ಚು. ಫೋನಿನಲ್ಲಿ ಸಾವಿರಗಟ್ಟಲೆ ಇವೆ. ನಯಾಗರಾ ಇದೆ, ಯಾರದೋ ಕಾರಿನ ಬಂಪರ್ ಇದೆ, ನಾನು ಕಣ್ಣು ಮುಚ್ಚಿದ್ದು, ಸೀನಿದ್ದು, ಬಾಯಿಗೆ ತುತ್ತಿಟ್ಟದ್ದು ಎಲ್ಲ ಇದೆ. ಅವರಿಲ್ಲ. ಒಂದರಲ್ಲಿ ಅವರ ಹೆಬ್ಬೆರಳಿದೆ, ಕೆಲವುಗಳಲ್ಲಿ ಹುಲ್ಲಿನ ಮೇಲೆ ಅವರ ನೆರಳಿದೆ. ಫೋನು ಇಲ್ಲಿ ಕೊಡಿ, ನಾನು ನಿಮ್ಮದು ತೆಗೆಯುತ್ತೇನೆ ಎಂದು ನಾನು ಎಷ್ಟು ಸಲ ಅಂದೆ ಎಂದು ಯೋಚಿಸಿದರೆ, ಒಂದು ಸಲವೂ ನೆನಪಾಗುವುದಿಲ್ಲ.

ಡಿಸೆಂಬರಿನ ಒಂದು ಸಂಜೆ ವಾರೆನ್ ಎಂಬ ಊರಿನ ಆಫೀಸು ಬಿಟ್ಟು, ಪಾರ್ಕಿಂಗ್ ಲಾಟಿನಲ್ಲಿ ಕಾರು ಸ್ಟಾರ್ಟ್ ಮಾಡಿ, ಗಾಜಿನ ಹಿಮ ಕರಗಲೆಂದು ಹೀಟರ್ ಹಾಕಿ ಕೂತವರು, ಕೂತಲ್ಲೇ ಹೋದರು. ಹಾರ್ಟು. ಸೆಕ್ಯೂರಿಟಿಯವನು ಬಂದು ಕಿಟಕಿ ತಟ್ಟುವವರೆಗೂ ಕಾರು ಓಡುತ್ತಲೇ ಇತ್ತಂತೆ. ನಾನು ಮನೆಯಲ್ಲಿ ಚಪಾತಿ ಹಿಟ್ಟು ನಾದಿಟ್ಟು, ಇವತ್ತೂ ತಡ ಎಂದು ಬೈದುಕೊಳ್ಳುತ್ತಿದ್ದೆ. ಚಿತ್ರವಿಲ್ಲದ ಮನೆಗೆ ಫರಿಷ್ತೆಗಳು ಬರುತ್ತಾರೆ ಎನ್ನುತ್ತಿದ್ದಳು ಅಮ್ಮಿ. ಬೋಳು ಗೋಡೆಯ ನಮ್ಮ ಮನೆಯ ವಿಳಾಸ ಯಾವ ಫರಿಷ್ತೆಗೆ ಸಿಕ್ಕಿತೆಂದು ನನಗೆ ಗೊತ್ತು, ಜೀವ ಒಯ್ಯುವವನಿಗೆ.

ಹೀಗಾಗಿ, ಪಾಸ್‌ಪೋರ್ಟಿನದು ಬಿಟ್ಟರೆ, ಅವರ ಮುಖ ಸರಿಯಾಗಿ ಕಾಣುವುದು ಒಂದೇ ಫೋಟೋದಲ್ಲಿ. ಮದುವೆಯಾದ ವಾರ ಹರಿಹರದ ಸ್ಟುಡಿಯೋದಲ್ಲಿ ತೆಗೆಸಿದ್ದು. ಅವರ ಎಡಕ್ಕೆ ನಾನು. ನನ್ನ ತಲೆ ಅವರ ಭುಜಕ್ಕೆ ಅಡ್ಡ ಬಂದಿದೆ. ಜೋಯಾ ಹಿಂದೊಮ್ಮೆ ಅದನ್ನು ಫೋನಿಗೆ ಹಾಕಿಕೊಂಡು, ಯಾವುದೋ ಆ್ಯಪಿನಲ್ಲಿ ನನ್ನನ್ನು ಅಳಿಸಿ ತೋರಿಸಿದ್ದಳು. ನಾನಿದ್ದ ಜಾಗದಲ್ಲಿ ನೀಲಿ ಪರದೆ. ರಫೀಕ್‌ಗೆ ಹೊಸದೊಂದು ಎಡಭುಜ. ಅದು ಅವರ ಭುಜವಾಗಿರಲಿಲ್ಲ. ಅವರದು ಸ್ವಲ್ಪ ಜೋಲು; ಇದು ಸಿಪಾಯಿಯ ಭುಜದ ಹಾಗೆ ಎದ್ದು ನಿಂತಿತ್ತು. ಮೂವತ್ತು ವರ್ಷ ಆ ಭುಜದ ಪಕ್ಕ ಮಲಗಿದವಳಿಗೆ ಮೋಸ ಮಾಡಲು ಸಾಧ್ಯವೇ? ತೆಗೆದುಹಾಕು ಅದನ್ನು ಎಂದು ರೇಗಿದೆ. ಮಗಳು ಅಳುತ್ತಾ ಎದ್ದು ಹೋಗಿದ್ದಳು.

ಮ್ಯೂಸಿಯಂನಿಂದ ಬಂದ ಮಾರನೇ ದಿನ, ಭಾನುವಾರ ಬೆಳಿಗ್ಗೆ, ಔಷಧಿಯ ಜೊತೆ ಫೋಟೋ ಪ್ರಿಂಟೂ ಮಾಡಿಕೊಡುವ ಡ್ರಗ್‌ಸ್ಟೋರಿಗೆ ಹೋಗಿ ಆ ಮದುವೆಯ ಫೋಟೋದ ಒಂದು ಪ್ರಿಂಟ್ ಹಾಕಿಸಿಕೊಂಡು ಬಂದೆ. ಆ್ಯಪ್ ಮುಟ್ಟದೆ ಇದ್ದದ್ದು, ಇಬ್ಬರೂ ಇರುವುದು. ಕಟ್ಟು, ಮೊಟ್ಟೆಯಾಕಾರದ ರಟ್ಟು, ಬ್ಲೇಡು, ಸ್ಕೇಲು ಎಲ್ಲ ತಂದೆ. ಬರೀ ಕಾಪಿ ತಾನೆ, ಇದಕ್ಕೇನು ಇಷ್ಟು ಸಂಭ್ರಮ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಹೇಳಿಕೊಂಡೆ. ಜೋಯಾಳ ಊಟದ ಮೇಜಿನ ಮೇಲೆ ಫೋಟೋ ಇಟ್ಟು, ಸ್ಕೇಲು ಇಟ್ಟು, ಬ್ಲೇಡು ಹಿಡಿದರೆ ಕೈ ಏಳಲಿಲ್ಲ.

ಅಷ್ಟರಲ್ಲಿ ಗಿರಿಜಾ ಆಂಟಿಯನ್ನು ಅವರ ಮಗ ಬಿಟ್ಟು ಹೋದ. ಮೇಜು ನೋಡಿದ್ದೇ ಅವರಿಗೆ ತಿಳಿಯಿತು. ಕೋಟೂ ಬಿಚ್ಚದೆ ನನ್ನ ಪಕ್ಕ ಕುರ್ಚಿ ಎಳೆದು ಕೂತರು.

"ನಂದೂ ಒಂದು ತಗಸಿ ಇಟ್ಟೀನವಾ," ಎಂದರು. "ಹ್ವಾದ ವರ್ಷ, ಮಮ್ಮಗನ ಮುಂಜಿವ್ಯಾಗ. ಸೀರಿ ಸುಕ್ಕಿದ್ದಿಲ್ಲ, ಮಾರಿನೂ ಚಲೋ ಇತ್ತು. ಆಮ್ಯಾಲ ಈ ಹುಡುಗ್ರು ಯಾವುದೋ ಪಾಸ್‌ಪೋರ್ಟಿಂದು ಹಿಗ್ಗಿಸಿ ಹಾಕ್ತಾರ, ಕಳ್ಳಿ ಕಂಡಂಗ ಕಾಣಸ್ತೀನಿ. ಸಣ್ಣಾಂವಗ ಹೇಳೀನಿ, ಫ್ರಿಜ್ ಮ್ಯಾಲ ಇಬ್ರಿಗೂ ಜಾಗ ಸಾಲೂದಿಲ್ಲ ಅಂತ."

"ಅವನೇನಂದ ಆಂಟಿ?"

"ಫೋನ್ ನೋಡಾಕತ್ತಿದ್ದ." ಅವರು ಸ್ಕೇಲನ್ನು ನನ್ನ ಕಡೆ ಸರಿಸಿದರು. "ಕೊಯ್ಯಿ ಇನ್ನ. ನಾ ಕೂತೀನಲ್ಲ."

ಜೋಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಒಂದು ಚೀಟಿ ತೆಗೆದುಕೊಂಡು, ಪೆನ್ಸಿಲ್ ಹಿಡಿದು, "ಯಾರದು ಮಾಡ್ಬೇಕು ಬೇಟಾ?" ಎಂದು ಅವಳನ್ನು ಕೇಳಿದೆ.

ಅವಳು ನನ್ನನ್ನು, ಆಂಟಿಯನ್ನು, ಮತ್ತೆ ನನ್ನನ್ನು ನೋಡಿದಳು. "ಮಾ? ವಾಟ್ ಡು ಯು ಮೀನ್?"

"ಕೇಳ್ಬೇಕು. ಯಾರದು ಅಂತ ಬೆರಳಿಟ್ಟು ತೋರ್ಸು."

ಅವಳು ಬಂದು ಬೆರಳು ಇಟ್ಟಳು. "ಡ್ಯಾಡ್ಸ್," ಎಂದಳು. ಉಗುರಿನ ಬಣ್ಣ ಅರ್ಧ ಹೋಗಿತ್ತು. ನಾನು ಚೀಟಿಯಲ್ಲಿ "ಗಂಡಸು" ಎಂದು ಬರೆದೆ. ಹದಿನಾಲ್ಕು ತಿಂಗಳಲ್ಲಿ ಹೋದವರು ಅವರೇ ಎಂದು ನಾನು ಬರೆದದ್ದು ಅದೇ ಮೊದಲು. ಡೆತ್ ಸರ್ಟಿಫಿಕೇಟಿನಿಂದ ಹಿಡಿದು ಬ್ಯಾಂಕಿನ ಕಾಗದದವರೆಗೆ ಎಲ್ಲವನ್ನೂ ಇವಳೇ ತುಂಬಿದ್ದಳು. ಆಗ ಅಳು ಬಂತು. ಅತ್ತುಬಿಟ್ಟೆ. ಆಂಟಿ ನನ್ನ ಬೆನ್ನು ಸವರುತ್ತಾ, ಇನ್ನೊಂದು ಕೈಯಿಂದ ಸ್ಕೇಲು ಸರಿಯದ ಹಾಗೆ ಒತ್ತಿ ಹಿಡಿದರು. ಒಂದೇ ಎಳೆತಕ್ಕೆ ಬರಲಿಲ್ಲ, ಮೂರು ಸಲ ಎಳೆದೆ. ಅಂಚು ಹಲ್ಲು ಹಲ್ಲಾಯಿತು. ಅಬ್ಬಾ ಇದ್ದಿದ್ದರೆ ಕೆಟ್ಟಿತೆಂದು ತೆಗೆದು ಪಕ್ಕಕ್ಕಿಡುತ್ತಿದ್ದರು. ರಟ್ಟಿನೊಳಗೆ ಸೇರಿಸಿದ ಮೇಲೆ ಅಂಚು ಕಾಣಲಿಲ್ಲ. ನನ್ನ ತಲೆ ಮರೆಸಿದ್ದ ಆ ಭುಜದ ಜಾಗವೂ ರಟ್ಟಿನಡಿ ಹೋಯಿತು.

ಮೊಳೆ ಹೊಡೆದೆ. ಸೋಫಾದ ಮೇಲಿನ ಗೋಡೆಯಲ್ಲಿ, ಎಡಕ್ಕೆ. ರಫೀಕ್ ಬಲಕ್ಕೆ ತಿರುಗಿ, ಸ್ವಲ್ಪ ನಗುತ್ತಾ ಖಾಲಿ ಗೋಡೆ ನೋಡುತ್ತಾ ಕೂತರು.

"ಇಟ್ಸ್ ನಾಟ್ ಸೆಂಟರ್ಡ್, ಮಾ."

"ಗೊತ್ತು."

ಅವಳಿಗೂ ಗೊತ್ತಾಯಿತು. ಹಿಂದಿನ ದಿನ ಅವಳೂ ಮ್ಯೂಸಿಯಂನಲ್ಲಿ ನನ್ನ ಪಕ್ಕವೇ ನಿಂತಿದ್ದಳಲ್ಲ. ಸೋಫಾದಲ್ಲಿ ಮೊಣಕಾಲೂರಿ ಕೂತು, ಅವರಪ್ಪನ ಮುಖದ ಹತ್ತಿರ ಮುಖ ಒಯ್ದು, ಬಹಳ ಹೊತ್ತು ನೋಡಿದಳು. ಫೋನು ಮೇಜಿನ ಮೇಲೇ ಇತ್ತು.

ಉಳಿದ ಅರ್ಧ ನನ್ನ ಕೈಯಲ್ಲಿತ್ತು. ಜೋಯಾಳ ಕಪಾಟಿನಲ್ಲಿ ನೀಲಿ ಬಿಸ್ಕತ್ತಿನ ಡಬ್ಬಿಯೊಂದಿದೆ, ಎಲ್ಲರ ಮನೆಯಲ್ಲೂ ಇರುವಂತೆ ಒಳಗೆ ಸೂಜಿ ದಾರ. ಅದನ್ನು ತೆಗೆಸಿ, ಫೋಟೋದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ, ಹೆಂಗಸು, ನಸೀಮಾ, ಬಲಗಡೆ ಹಾಕುವುದು ಎಂದು ಬರೆದೆ. ಬರೆದ ಮೇಲೆ ನೆನಪಾಯಿತು, ಇದನ್ನು ಕೇಳಿಕೊಂಡು ಬರುವ ಗಿರಾಕಿಗೆ ಕನ್ನಡ ಓದಲು ಬರುವುದಿಲ್ಲ. ಕಲಿಸದವಳು ನಾನೇ. ರಬ್ಬರಿನಿಂದ ಅಳಿಸಿ, ಇಂಗ್ಲಿಷಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಅವಳ ಕೈಗೆ ಕೊಟ್ಟೆ.

"ಓದು," ಎಂದೆ.

ಅವಳು ಓದಿದಳು. ಬಲಗಡೆ ಹಾಕಬೇಕೆಂಬ ಕೊನೆಯ ಮಾತು ಸರಿಯಾಗಿ ಕೇಳಲಿಲ್ಲ.

"ಇನ್ನೊಂದ್ ಸಲ ಓದು ಬೇಟಾ. ಸ್ವಲ್ಪ ಜೋರಾಗಿ."